ಗುಡ್ಡದ ಮೇಲಕ್ಕೆ ಹೋದ ಹೊಂಗೆ ಸಸಿಗಳು

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ಸಸಿಗಳ ಸಾಲು ಎಷ್ಟಿದ್ದವು, ಅವತ್ತು ನರ್ಸರಿಯಮ್ಮ ಯಾವ ಬಣ್ಣದ ಸೀರೆ ಉಟ್ಟಿದ್ದರು ಎಂಬುದನ್ನು ಪ್ರಮಾಣ ಮಾಡಿ ಹೇಳಲಾರೆ.

ಎರಡು ವಾರದ ಹಿಂದೆ ಅರಿಶಿನಕುಂಟೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಹೊರಡುವಾಗ ತಾಂಬೂಲದ ಜೊತೆ ಒಂದು ಹೊಂಗೆ ಸಸಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಾಗ ಕಪ್ಪು ಕವರಿನಿಂದ ಕೆಮ್ಮಣ್ಣು, ಹಳೆಯ ಸಗಣಿ ಗೊಬ್ಬರದ ವಾಸನೆ ಬಂತು. ನನಗೇ ತಿಳಿಯದೆ ಹೆಬ್ಬೆರಳು ಕವರಿನ ತಳವನ್ನು ಒತ್ತಿ ನೋಡಿತ್ತು. ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ತಳ ಮಾತ್ರ ತಣ್ಣಗೆ, ಒದ್ದೆಯಾಗಿತ್ತು.

ಹಾಗೆ ಒತ್ತಿ ನೋಡುವುದನ್ನು ನನಗೆ ಕಲಿಸಿದವರು ಕುಂದಾಣದ ಕಡೆಯ ಒಂದು ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಊರಿಗೆಲ್ಲ ಅವರು ನರ್ಸರಿಯಮ್ಮ, ನನಗೂ ಅಷ್ಟೇ. ನಾನಾಗ ಸಸ್ಯಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಪ್ರಾಜೆಕ್ಟಿಗೆಂದು ಒಂದು ಬೇಸಿಗೆ ಪೂರ್ತಿ ಚಿಕ್ಕಮ್ಮನ ಮನೆಯಲ್ಲಿದ್ದೆ. ಚಿಕ್ಕಮ್ಮ ಅದೇ ನರ್ಸರಿಗೆ ದಿನಗೂಲಿಗೆ ಹೋಗುತ್ತಿದ್ದಳು.

ಆ ವರ್ಷ ಊರ ಹಿಂದಿನ ಗುಡ್ಡದ ನೀಲಗಿರಿಯನ್ನೆಲ್ಲ ಕಡಿದಿದ್ದರು. ಲಾರಿಗಳು ಹೋದ ಮೇಲೆ ಉಳಿದದ್ದು ಬೊಡ್ಡೆ ಮತ್ತು ಕಲ್ಲು. ಊರಿನ ಅರಣ್ಯ ಸಮಿತಿಯ ಹೆಚ್ಚಿನವರಿಗೆ ಮತ್ತೆ ನೀಲಗಿರಿಯನ್ನೇ ಹಾಕುವ ಮನಸ್ಸು. ಒಂದು ಸಲ ಹೊಂಗೆ, ನೇರಳೆಯಂಥ ನಮ್ಮ ಮರ ಹಾಕಿ ನೋಡಿ, ಯಾವ ಸಸಿ ಎಲ್ಲಿಗೆ ಅಂತ ನಾನು ಆರಿಸಿ ಕೊಡುತ್ತೇನೆ ಎಂದು ಹಟ ಹಿಡಿದವರು ನರ್ಸರಿಯಮ್ಮ. ಚಿಕ್ಕಂದಿನಲ್ಲಿ ಅವರು ಅದೇ ಗುಡ್ಡದಲ್ಲಿ ದನ ಬಿಟ್ಟು ಹೊಂಗೆಯ ನೆರಳಲ್ಲಿ ಮಲಗುತ್ತಿದ್ದರಂತೆ. ಸಮಿತಿಯವರು ಒಪ್ಪಿದರು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ನಿಂತಿರದಿದ್ದರೆ ಮುಂದಿನ ವರ್ಷ ನೀಲಗಿರಿಯೇ ಎಂದರು.

ನಾನು ಸ್ಕೇಲ್ ಹಿಡಿದು ಸಸಿಗಳ ಎತ್ತರ ಅಳೆಯುತ್ತಿದ್ದೆ. ಅದನ್ನು ಕಂಡರೆ ಅವರಿಗೆ ನಗು.

"ಎತ್ತರ ನೋಡ್ಕೊಂಡು ಗಂಡು ಒಪ್ಕೊಂಡಂಗೆ ಆಯ್ತದೆ ಕಣವ್ವಾ. ಅದನ್ನ ಒಳಗಿಡು."

ನೇರಳೆಯ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ, ಅದು ಗುಡ್ಡದ ಬುಡದ ಹಳ್ಳಕ್ಕೆ. ಹೊಂಗೆಗೆ ಮಾತ್ರ ಪರೀಕ್ಷೆ. ಮೊದಲು ಕವರುಗಳನ್ನು ಜಾಗ ಬಿಟ್ಟು ಸರಿಸಿ, ನೆಲಕ್ಕಿಳಿದ ಬೇರು ಕಿತ್ತುಬರುವಂತೆ ಮಾಡುತ್ತಿದ್ದರು. ಆಮೇಲೆ ಎಂಟು ದಿನ ಬಿಸಿಲಲ್ಲಿಟ್ಟು ನೀರು ನಿಲ್ಲಿಸುತ್ತಿದ್ದರು. ಅಷ್ಟಾದರೂ ಎಲೆ ಬಿಗಿಹಿಡಿದು ನಿಂತದ್ದು ಮೇಲಿನ ಕಲ್ಲುನೆಲಕ್ಕೆ, ಜೋತುಬಿದ್ದದ್ದು ಕೆಳಗಿನ ಪಸೆಯ ನೆಲಕ್ಕೆ. ಟ್ರ್ಯಾಕ್ಟರಿಗೆ ಹಾಕುವ ಮುಂಚೆ ಒಂದೊಂದರ ತಳವನ್ನೂ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒಳಗೆ ಬೇರು ಸುತ್ತಿಕೊಂಡಿದೆಯೋ, ನೀರಿನ ಪಸೆ ಉಳಿದಿದೆಯೋ, ಆ ಬೆರಳಿಗೆ ಎರಡೂ ತಿಳಿಯುತ್ತಿತ್ತು.

ನೀರು ನಿಲ್ಲಿಸಿದ ಆರನೆಯ ದಿನ ಅವರು ತಮ್ಮನ ಮಗಳ ಮದುವೆಗೆಂದು ನಂದಗುಡಿಗೆ ಹೋದರು. ಹೋಗುವಾಗ ಚಿಕ್ಕಮ್ಮನಿಗೆ ಹೇಳಿದರು: "ನಿನ್ ಜವಾಬ್ದಾರಿ ಕಣೆ. ತೊಟ್ಟು ನೀರು ತಾಕ್ಬಾರ್ದು."

ಅವತ್ತೇ ಮಧ್ಯಾಹ್ನ ನಾನು ನೀರು ಹಾಯಿಸಿದೆ. ಅರ್ಧಕ್ಕರ್ಧ ಸಸಿಗಳು ತಲೆ ಬಾಗಿಸಿ ನಿಂತಿದ್ದವು, ನೋಡಲಾಗಲಿಲ್ಲ. ಮರುಕವೆಂದು ಇಷ್ಟು ವರ್ಷ ಹೇಳಿಕೊಂಡಿದ್ದೇನೆ. ಓದಿದವಳೆಂಬ ಜಂಬವೂ ಇತ್ತೇನೋ. ಚಿಕ್ಕಮ್ಮ ಬೇಡ ಎಂದಳು ಅಂತ ನೆನಪು. ಆಮೇಲೆ ಅವಳೇ ಪೈಪನ್ನು ಮುಂದಿನ ಸಾಲಿಗೆ ಎಳೆದುಕೊಟ್ಟಳು ಅಂತಲೂ ನೆನಪು...

ಎಂಟನೆಯ ದಿನ ಬೆಳಿಗ್ಗೆ ಅವರು ಮದುವೆಯಿಂದ ಬಂದಾಗ ಟ್ರ್ಯಾಕ್ಟರು ನಿಂತಿತ್ತು, ಸಮಿತಿಯವರೂ ಬಂದಿದ್ದರು. ಹೊಂಗೆಗಳೆಲ್ಲ ಒಂದೇ ಸಮ ಹಸಿರಾಗಿದ್ದವು. ನರ್ಸರಿಯಮ್ಮ ಸಾಲುಗಳನ್ನು ನೋಡಿದರು.

"ನೀರು ಹಾಕಿದ್ರೇನವ್ವಾ?"

ಇಲ್ಲಮ್ಮ ಎಂದೆ. ಬೇರೆಲ್ಲ ಮಸುಕಾದರೂ ಈ ಮಾತು ಮಸುಕಾಗಿಲ್ಲ.

ಅವರು ನನ್ನನ್ನು ನೋಡಿ, ನನ್ನ ಹಿಂದೆ ನಿಂತಿದ್ದ ಚಿಕ್ಕಮ್ಮನನ್ನು ನೋಡಿದರು. "ಈ ಸಲ ಎಲ್ಲಾ ಗಟ್ಟಿಯಾಗಿ ಬಂದವೆ. ಮೇಲಕ್ಕೇ ಹೋಗ್ಲಿ," ಎಂದರು.

ನೆಟ್ಟ ಮೇಲೆ ಒಂದು ತಿಂಗಳು ಮಳೆ ಬರಲಿಲ್ಲ. ಕೆಳಗಿನ ನೇರಳೆ ಉಳಿಯಿತು, ಮೇಲಿನ ಹೊಂಗೆ ಮುಕ್ಕಾಲು ಪಾಲು ಒಣಗಿತು. ನಾನು ಅಷ್ಟರಲ್ಲಿ ವಿಶ್ವವಿದ್ಯಾಲಯಕ್ಕೆ ಮರಳಿದ್ದೆ. ತಮ್ಮ ಕಣ್ಣು ಸೋತುಹೋಯಿತು, ಇನ್ನು ಆರಿಸಲು ತಮ್ಮನ್ನು ಕರೆಯಬೇಡಿ ಎಂದು ನರ್ಸರಿಯಮ್ಮ ಸಮಿತಿಯ ಮುಂದೆ ಹೇಳಿದರಂತೆ. ಮುಂದಿನ ವರ್ಷ ಗುಡ್ಡಕ್ಕೆ ನೀಲಗಿರಿ ಹೋಯಿತು. ಎತ್ತರದ ಕೋಷ್ಟಕಗಳಿದ್ದ ನನ್ನ ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು.

ಆಮೇಲೆ ಒಮ್ಮೆ ಹೋಗಿದ್ದೆ. ಅವರು ಚಪ್ಪರದ ಕೆಳಗೆ ಕೂತು ಕವರಿಗೆ ಮಣ್ಣು ತುಂಬುತ್ತಿದ್ದರು, ಈಗ ಅವರಿಗೆ ಅದೊಂದೇ ಕೆಲಸ. ಮಡಿಲಿನಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕಿ, ಸ್ಕೇಲ್ ತಂದಿಲ್ಲವಾ ಎಂದು ಕೇಳಿದರು. ನಕ್ಕೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಇನ್ನೊಂದು ಸಲ ಬಂದಾಗ ಎಂದುಕೊಂಡೆ... ಇನ್ನೊಂದು ಸಲ ಹೋಗುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಆ ಸ್ಕೇಲಿನ ತಮಾಷೆಯನ್ನು ಮತ್ತೊಮ್ಮೆ ಕೇಳಬೇಕೆಂದು ಈಗಲೂ ಆಸೆಯಾಗುತ್ತದೆ. ಆ ಧ್ವನಿಯನ್ನು ನೆನೆದುಕೊಳ್ಳಲು ಹೋದರೆ ಮಾತು ಬರುತ್ತದೆ, ಧ್ವನಿ ಬರುವುದಿಲ್ಲ.

ಬಸ್ಸಿನಲ್ಲಿ ಆ ಒದ್ದೆ ತಳ ಹೆಬ್ಬೆರಳಿಗೆ ತಾಕಿದಾಗ ಹೊಳೆಯಿತು. ನಾನು ನೀರು ಹಾಯಿಸಿದ ನಂತರದ ಎರಡು ದಿನದ ಬಿಸಿಲಿಗೆ ಮೇಲಿನ ಮಣ್ಣು ಒಣಗಿದ್ದೀತು, ತಳ ಒಣಗಿರಲಾರದು. ಅವತ್ತು ಒಂದೇ ಒಂದು ಕವರನ್ನು ಒತ್ತಿದ್ದರೂ ಅವರಿಗೆ ಗೊತ್ತಾಗಿರುತ್ತದೆ. ಗೊತ್ತಾಗಿಯೂ ಎಲ್ಲರೆದುರು ಸುಮ್ಮನಿದ್ದರೆ, ಅದು ಚಿಕ್ಕಮ್ಮನ ಕೆಲಸ ಉಳಿಯಲೆಂದೇ ಇರಬೇಕು. ಕೆಲಸ ಉಳಿಯಿತು ಕೂಡ. ಈಗ ನನ್ನ ನೆನಪಿನಲ್ಲಿ ಅವರು ಸಾಲಿನುದ್ದಕ್ಕೂ ಬಾಗಿ ಒತ್ತುತ್ತಾ ಹೋಗುತ್ತಾರೆ. ಅದು ಅವತ್ತಿನದೋ, ಬೇರೊಂದು ದಿನದ್ದನ್ನು ನಾನೇ ತಂದು ಅಲ್ಲಿಟ್ಟೆನೋ, ತಿಳಿಯದು.

ಹೊಂಗೆ ಸಸಿ ಇನ್ನೂ ಕವರಿನಲ್ಲೇ ಇದೆ, ಎಲ್ಲಿ ನೆಡಬೇಕೆಂದು ತೋಚಿಲ್ಲ. ನಾಲ್ಕು ದಿನದ ಹಿಂದೆ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನಾನು ಕೇಳಿದ್ದಕ್ಕೆ ಅವಳು ಆಮೇಲೆ ಫೋನ್ ಮಾಡ್ತೀನಿ ಎಂದು ಇಟ್ಟುಬಿಟ್ಟಳು. ಇನ್ನೂ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ಅವತ್ತು ಟ್ರ್ಯಾಕ್ಟರಿಗೆ ಹಾಕೋ ಮುಂಚೆ ನರ್ಸರಿಯಮ್ಮ ಕವರಿನ ತಳ ಒತ್ತಿ ನೋಡಿದ್ರಾ?"