ಹಿಂದಿನ ಬೆಂಚಿನ ಸಾಕ್ಷಿ

ಮಾರ್ಜರಿ ಹಿಂಡ್ಲೆಯನ್ನು ಮಣ್ಣಿಗೆ ಕೊಟ್ಟ ದಿನ ಪಾದ್ರಿ ಹೆಸ್ಕೆತ್ ಅವಳನ್ನು 'ಸೌಮ್ಯ ಜೀವ' ಎಂದು ಕರೆದರು. ಅದು ಸುಳ್ಳು. ಲ್ಯಾಂಕಾಶೈರಿನ ಆ ಹಳೆಯ ಗಿರಣಿ ಊರಿನಲ್ಲಿ, ಚರ್ಚಿನ ಪ್ರಾಥಮಿಕ ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೂತವಳು ಅವಳು. ಶಾಲೆಯ ಬಾಗಿಲು ತೆರೆಯುವ ಗುಂಡಿ ಅವಳ ಕೈಯಲ್ಲಿತ್ತು. ಒಮ್ಮೆ ಬಿಷಪ್ಪರೇ ಬಂದಾಗಲೂ, "ಬಿಷಪ್ ಆದ್ರೇನಂತೆ, ಸಹಿ ಹಾಕಿ, ಬ್ಯಾಡ್ಜ್ ಹಾಕ್ಕೊಳ್ಳಿ. ಟೋಪಿ ನೋಡಿ ಒಳಗೆ ಬಿಡೋಕೆ ಆಗಲ್ಲ," ಅಂದಿದ್ದಳು. ಆಮೇಲೆ ಚಹಾ ಕೊಟ್ಟಳು, ಬಿಸ್ಕತ್ತು ಕೊಡಲಿಲ್ಲ.

ಅವಳಿಗೆ ಸಿಟ್ಟು ಬರುತ್ತಿತ್ತು. ಬರಬೇಕಾದ ಕಡೆಯೇ ಬರುತ್ತಿತ್ತು. ಲೀಆನ್ ಎಂಬ ತಾಯಿಯ ವಿಷಯದಲ್ಲಿ ಬಂದದ್ದು ಸಾಯುವ ತನಕ ಇಳಿಯಲಿಲ್ಲ.

ಆ ಶಾಲೆಯ ಮೊದಲ ತರಗತಿಗೆ ಮೂವತ್ತೇ ಮಕ್ಕಳು. ಅರ್ಜಿ ಎಂಬತ್ತರ ಹತ್ತಿರ. ಎರಡು ವರ್ಷ ತಪ್ಪದೆ ಭಾನುವಾರದ ಆರಾಧನೆಗೆ ಬಂದವರಿಗೆ ಮೊದಲ ಹಕ್ಕು. ಬಂದದ್ದಕ್ಕೆ ಪುರಾವೆ ಎಂದರೆ ಚರ್ಚಿನ ಹಿಂಬಾಗಿಲ ಬಳಿ, ಹೂದಾನಿಯ ಪಕ್ಕ ತೆರೆದೇ ಇರುತ್ತಿದ್ದ ಒಂದು ದಪ್ಪ ಪುಸ್ತಕ. ಅದರಲ್ಲಿ ತಾಯಿಯ ಹೆಸರು, ಮಗುವಿನ ಹೆಸರು, ಬೀದಿಯ ಹೆಸರು, ಸಹಿ. ಸ್ಕೂಲಿನ ಆಸೆಗಷ್ಟೇ ದೇವರನ್ನು ನೆನೆಯುವವರನ್ನು ಹಿಡಿಯಲು ಮಾಡಿದ ಉಪಾಯ ಅದು.

ಜನವರಿಯಲ್ಲಿ ಲೀಆನ್ ಅರ್ಜಿ ತಂದಳು. ಮಗಳು ಟಿಲ್ಲಿಗೆ ನಾಲ್ಕು ವರ್ಷ. ಪಾದ್ರಿ ಭರ್ತಿ ಮಾಡಬೇಕಾದ ಜಾಗ ಖಾಲಿ.

"ಇದೇನಮ್ಮಾ? ಪ್ರತಿ ವಾರ ಚರ್ಚಲ್ಲಿ ನನ್ನ ಪಕ್ಕದಲ್ಲೇ ಕೂತಿರ್ತೀಯಲ್ಲ!"

"ಪುಸ್ತಕದಲ್ಲಿ ನನ್ನ ಹೆಸರಿಲ್ಲ ಅಂತ ಪಾದ್ರಿಗಳು ಸಹಿ ಹಾಕ್ಲಿಲ್ಲ."

"ಯಾಕೆ ಬರೀಲಿಲ್ಲ ಮತ್ತೆ?"

ಲೀಆನ್ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ಹಿಂದಿನ ಊರಲ್ಲಿ ಬರೆದಿದ್ದೆ. ಟಿಲ್ಲಿಯ ಅಪ್ಪ ಚರ್ಚಿಂದ ಚರ್ಚಿಗೆ ಹೋಗಿ ಇಂಥ ಪುಸ್ತಕಗಳನ್ನೇ ತಿರುವಿ ಹಾಕ್ತಾನೆ. ಹಾಗೇ ನಮ್ಮನ್ನ ಹುಡುಕಿದ್ದು. ಆವತ್ತು ನನ್ನ ಕೈ ಮುರೀತು, ಟಿಲ್ಲಿ ಮಂಚದ ಕೆಳಗಿದ್ಲು. ಹತ್ರ ಬರಕೂಡದು ಅಂತ ಕೋರ್ಟು ಹೇಳಿದೆ. ಆದ್ರೆ ಕಾಗದ ಬಾಗಿಲು ಕಾಯುತ್ತಾ?"

ಮಾರ್ಜರಿ ಹಿಂದಕ್ಕೆ ತಿರುಗಿ ನೋಡಿದಳು. ಅವಳ ಹಿಂದಿನ ಬೀರುವಿನಲ್ಲಿ ಮಕ್ಕಳ ವಿಳಾಸಗಳು ಬೀಗದೊಳಗಿದ್ದವು. ಸಂಜೆ ಮಗುವನ್ನು ಕರೆದೊಯ್ಯಲು ಹೊಸಬರು ಬಂದರೆ ಮನೆಯವರು ಮೊದಲೇ ಕೊಟ್ಟಿದ್ದ ಗುಟ್ಟಿನ ಪದ ಹೇಳಿದರಷ್ಟೇ ಮಗುವನ್ನು ಕಳಿಸುತ್ತಿದ್ದಳು. ಅದೇ ಮಕ್ಕಳ ಹೆಸರೂ ಬೀದಿಯೂ ರಸ್ತೆಯಾಚೆಯ ಚರ್ಚಿನಲ್ಲಿ ಹೂದಾನಿಯ ಪಕ್ಕ ಬಿದ್ದಿದ್ದವು. ವರ್ಷಗಟ್ಟಲೆ ತಾನೂ ಅದರ ಪಕ್ಕದಲ್ಲೇ ಹಾದುಹೋಗಿದ್ದಳು! ಮೊದಲ ಸಿಟ್ಟು ತನ್ನ ಮೇಲೆಯೇ ಬಂತು.

ಹೆಸ್ಕೆತ್ ಬಳಿ ಹೋದಳು. ಚರ್ಚಿನ ಮೇಲ್ವಿಚಾರಕ ಡಗ್ಲಸ್ ಎಂಟ್ವಿಸಲ್ ಕೂಡ ಅಲ್ಲಿದ್ದ. ಶಾಲೆಯ ಆಡಳಿತ ಮಂಡಳಿಯಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ಅವನದೇ.

"ಪ್ರತಿ ಭಾನುವಾರ ಅವಳ ಅಂಗೈಗೆ ಪ್ರಸಾದದ ರೊಟ್ಟಿ ಇಟ್ಟಿದ್ದೀರಿ ಪಾದ್ರಿಗಳೇ. ಒಂದು ಸಹಿ ಹಾಕಿ."

"ನಿಯಮ ಅಂದ್ರೆ ಪುಸ್ತಕ, ಮಾರ್ಜರಿ. ಒಬ್ಬರಿಗೆ ಸಡಿಲಿಸಿದ್ರೆ ನಾಳೆ ಐವತ್ತು ಜನ ಕಥೆ ಹೇಳ್ಕೊಂಡು ಬರ್ತಾರೆ."

"ಇಪ್ಪತ್ತು ವರ್ಷದಿಂದ ಪುಸ್ತಕ ಅಲ್ಲೇ ಇದೆ," ಎಂದ ಡಗ್ಲಸ್. "ಯಾರಿಗೂ ಏನೂ ಆಗಿಲ್ಲ."

"ನಿಂಗೆ ಹೇಗೆ ಗೊತ್ತು? ಯಾರನ್ನಾದ್ರೂ ಕೇಳಿದ್ಯಾ? ಒಂದನೇ ಕ್ಲಾಸಲ್ಲಿ ನಿನ್ನ ಪಕ್ಕ ಕೂತಿದ್ದೆ ಡಗ್ಲಸ್. ಆಗ್ಲೂ ಉತ್ತರ ಗೊತ್ತಿಲ್ದೇ ಕೈ ಎತ್ತೋನು ನೀನೇ."

ಮುಂದಿನ ಭಾನುವಾರ ಆರಾಧನೆ ಮುಗಿದು ಎಲ್ಲರೂ ಕಾಫಿಗೆ ನಿಂತಿದ್ದಾಗ, ಅವಳು ಆ ಪುಸ್ತಕವನ್ನು ಮುಚ್ಚಿ ತರಕಾರಿ ಚೀಲಕ್ಕೆ ಹಾಕಿಕೊಂಡಳು.

"ಏಯ್, ಅದು ಚರ್ಚಿನ ಆಸ್ತಿ!" ಡಗ್ಲಸ್ ಕೂಗಿದ.

"ಪುಸ್ತಕ ಚರ್ಚಿಂದು. ಒಳಗಿರೋ ಮಕ್ಕಳ ಹೆಸರು ನಿಮ್ಮಪ್ಪಂದಲ್ಲ."

ಪುಸ್ತಕ ಶಾಲೆಯ ಬೀರುವಿಗೆ ಹೋಯಿತು. ಬುಧವಾರ ಅವಳಿಗೆ ಎಚ್ಚರಿಕೆಯ ಪತ್ರ ಬಂತು, ಸಹಿ ಡಗ್ಲಸ್‌ನದು. ಈಸ್ಟರ್ ಹೊತ್ತಿಗೆ ಚರ್ಚಿನಲ್ಲಿ ಪುಸ್ತಕದ ಬದಲು ಬೀಗದ ಪೆಟ್ಟಿಗೆಯೂ ಹೆಸರು ಬರೆದು ಅದರೊಳಗೆ ಹಾಕುವ ಚೀಟಿಗಳೂ ಬಂದವು. 'ಮಕ್ಕಳ ಬಗ್ಗೆ ನಮ್ಮ ಸಭೆಗಿರುವ ಕಾಳಜಿ' ಎಂದು ಚರ್ಚಿನ ಪತ್ರಿಕೆ ಹಾಡಿ ಹೊಗಳಿಕೊಂಡಿತು. ಎಚ್ಚರಿಕೆಯ ಪತ್ರವನ್ನು ಮಾತ್ರ ಯಾರೂ ಹಿಂದಕ್ಕೆ ಪಡೆಯಲಿಲ್ಲ. ಏಪ್ರಿಲ್‌ನಲ್ಲಿ ಸೀಟುಗಳ ಪಟ್ಟಿ ಬಂದಾಗ ಟಿಲ್ಲಿಯ ಹೆಸರಿರಲಿಲ್ಲ. ಸಿಕ್ಕಿದ ಶಾಲೆ ಎರಡು ಬಸ್ಸು ಬದಲಿಸಿ ಹೋಗಬೇಕಾದದ್ದು. ಮೊದಲ ಬಸ್ಸು ಟಿಲ್ಲಿಯ ಅಪ್ಪ ಕೆಲಸ ಮಾಡುವ ಗ್ಯಾರೇಜಿನ ಮುಂದೆಯೇ ನಿಲ್ಲುತ್ತಿತ್ತು.

ಲೀಆನ್ ಮೇಲ್ಮನವಿ ಹಾಕಿದಳು, ಬರೆದುಕೊಟ್ಟವಳು ಮಾರ್ಜರಿ. ಜೂನ್‌ನಲ್ಲಿ ಹೊರಗಿನ ಮೂವರು ವಿಚಾರಣೆಗೆ ಕೂತರು. ನಡುವೆ ಕೂತಿದ್ದ, ನಿವೃತ್ತ ದಾದಿಯಾದ ಮುದುಕಿಯೊಬ್ಬಳು ಹೆಸ್ಕೆತ್ ಕಡೆ ತಿರುಗಿದಳು.

"ಈ ತಾಯಿ ಆರಾಧನೆಗೆ ಬರ್ತಿದ್ರಾ?"

"ಪುಸ್ತಕದಲ್ಲಿ ದಾಖಲೆ ಇಲ್ಲ."

"ಪುಸ್ತಕವನ್ನ ಕೇಳ್ಲಿಲ್ಲ ಸ್ವಾಮಿ. ನಿಮ್ಮನ್ನ ಕೇಳ್ದೆ."

ಹೆಸ್ಕೆತ್ ಕನ್ನಡಕ ತೆಗೆದು ಒರೆಸಿದರು. ಹಿಂದಿನ ಬೆಂಚಿನಲ್ಲಿದ್ದ ಮಾರ್ಜರಿ ಎದ್ದು ನಿಂತಿದ್ದಳು. ಅವರನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ಬರ್ತಿದ್ರು," ಎಂದರು ಕೊನೆಗೆ. "ತಪ್ಪದೆ ಬರ್ತಿದ್ರು."

ಹತ್ತು ನಿಮಿಷದಲ್ಲಿ ಟಿಲ್ಲಿಗೆ ಸೀಟು ಸಿಕ್ಕಿತು. ಲೀಆನ್ ಗೋಡೆಗೊರಗಿ ಬಿಕ್ಕಿದಳು. ಹೊರಗಿನ ಓಣಿಯಲ್ಲಿ ಹೆಸ್ಕೆತ್ ಮಾರ್ಜರಿಯತ್ತ ಕೈ ಚಾಚಿದರು. ಅವಳು ತನ್ನ ಕೈಯನ್ನು ಕೋಟಿನ ಜೇಬಿನಿಂದ ತೆಗೆಯಲಿಲ್ಲ.

"ಆ ಒಂದು ಮಾತನ್ನ ಜನವರಿಯಲ್ಲೇ ಹೇಳಿದ್ರೆ ಲೀಆನ್ ಐದು ತಿಂಗಳು ನಿದ್ದೆಗೆಡ್ತಿರ್ಲಿಲ್ಲ."

"ಕ್ಷಮಿಸೋದೇ ನಮ್ಮ ಧರ್ಮ ಅಲ್ವಾ ಮಾರ್ಜರಿ?"

"ಹೌದು. ಕೇಳಬೇಕಾದ್ದು ಅವಳ ಹತ್ರ. ಅಲ್ಲೇ ನಿಂತಿದ್ದಾಳೆ, ಆರು ಹೆಜ್ಜೆ. ಹೋಗಿ."

ಹೆಸ್ಕೆತ್ ಗಡಿಯಾರ ನೋಡಿಕೊಂಡರು. ಇನ್ನೊಂದು ಸಭೆ ಇದೆ ಎಂದರು. ಲೀಆನ್‌ಳ ಮುಂದಿನಿಂದಲೇ ಹಾದು ಕಾರಿನ ಕಡೆ ನಡೆದರು.