ಒಣಗಕ್ಕನ ಮಳೆ ಸೈಕಲ್ಲು

ಆಸ್ಪತ್ರೆಯಲ್ಲಿ ಅವಳಿಗೆ ಒಣಗಕ್ಕ ಎಂದು ಹೆಸರು ಬಿದ್ದದ್ದು ಮೈಕಟ್ಟಿನಿಂದಲ್ಲ. ಹೆರಿಗೆಯಾದ ಮೇಲೆ ಅತ್ತೆ ಒತ್ತಾಯಮಾಡಿ ತಿನ್ನಿಸಿದ್ದೆಲ್ಲ ಇನ್ನೂ ಕೆನ್ನೆಯ ಮೇಲೆಯೇ ಇತ್ತು. ಶಸ್ತ್ರಚಿಕಿತ್ಸೆಯ ಕತ್ತರಿ, ಇಕ್ಕಳಗಳನ್ನು ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಕಟ್ಟಿ, ಹಬೆಯ ಯಂತ್ರದಲ್ಲಿಟ್ಟು ಶುದ್ಧಮಾಡುವ ಕೋಣೆ ಅವಳದು. ಆ ಕೋಣೆಯಲ್ಲಿ ಒದ್ದೆ ಎನ್ನುವುದು ಬೈಗುಳವಿದ್ದಂತೆ. ಕಟ್ಟಿನ ಮೂಲೆಯಲ್ಲಿ ಚೂರು ತೇವ ಕಂಡರೂ ಅದು ಕೆಟ್ಟಿತೆಂದೇ ಅರ್ಥ. ಬಿಚ್ಚಿ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಯಾರು ಏನನ್ನು ಕೈಗೆ ಕೊಟ್ಟರೂ ಅವಳ ಬಾಯಿಂದ ಬರುವ ಮೊದಲ ಮಾತು, "ಒಣಗಿದೆಯಾ?" ಕೇಳಿ ಕೇಳಿ ಅದೇ ಹೆಸರಾಯಿತು.

ಇಂಥವಳ ಹಣೆಯಲ್ಲಿ ಮಳೆಯಲ್ಲಿ ಸೈಕಲ್ ತುಳಿಯುವುದು ಬರೆದಿತ್ತು. ನದಿಯ ಮೇಲಿನ ಹಳೆಯ ಸೇತುವೆ ಭಾರ ತಾಳದೆಂದು ಬಸ್ಸುಗಳನ್ನು ಸುತ್ತುದಾರಿಗೆ ತಿರುಗಿಸಿದ್ದರು. ಮೊದಲ ಬಸ್ಸು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಬೆಳಗಿನ ಪಾಳಿ ಶುರುವಾಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಆದರೆ ಅವಳಿಗೆ ಬೆಳಗಿನ ಪಾಳಿಯೇ ಬೇಕಿತ್ತು. ಮಧ್ಯಾಹ್ನ ಅತ್ತೆ ಹೊಲಿಗೆ ಅಂಗಡಿಗೆ ಹೊರಡುವ ಹೊತ್ತಿಗೆ ಇವಳು ಮನೆ ಸೇರಿದರೆ, ಮಗು ಅಜ್ಜಿಯ ತೋಳಿನಿಂದ ನೇರವಾಗಿ ಅಮ್ಮನ ತೋಳಿಗೆ ಬರುತ್ತಿತ್ತು. ಗಂಡ ಹಗಲೆಲ್ಲ ಕಚೇರಿಯಲ್ಲಿ, ಪಾಳಿ ತಪ್ಪಿದರೆ ಮಗು ಅಪರಿಚಿತರ ಕೈಗೆ. ಕೌಚಿ ಮಲಗಿ ಮೂಗು ದಿಂಬಿಗೆ ಒತ್ತಿಕೊಳ್ಳುವ ಅಭ್ಯಾಸ ಅದಕ್ಕೆ. ಅವರು ಎದ್ದುಬಂದು ನೋಡುತ್ತಾರೆಯೇ? ಹಾಲು ಕಕ್ಕಿದರೆ ಕುತ್ತಿಗೆಯ ಮಡಿಕೆ ಒರೆಸುತ್ತಾರೆಯೇ? ಅಷ್ಟಕ್ಕೇ ಅವಳು ಯೋಚನೆ ನಿಲ್ಲಿಸಿಬಿಡುತ್ತಿದ್ದಳು, ಮುಂದಕ್ಕೆ ಬಿಡುತ್ತಿರಲಿಲ್ಲ.

ಸೈಕಲ್ಲು ಗಂಡನ ಅಣ್ಣನದು. ಹೊಟ್ಟೆ ಕರಗಿಸುತ್ತೇನೆಂದು ಕೊಂಡು, ಎರಡು ಭಾನುವಾರ ತುಳಿದು, ಮೆಟ್ಟಿಲ ಕೆಳಗೆ ಒರಗಿಸಿದ್ದ. "ಹೊಟ್ಟೆ ಇದ್ದ ಹಾಗೇ ಇದೆ, ಟೈರು ಮಾತ್ರ ಕರಗಿತು. ತಗೊಂಡು ಹೋಗಮ್ಮ, ನಿನಗಾದ್ರೂ ಪುಣ್ಯ ಬರಲಿ," ಎಂದು ಕೀಲಿಕೈ ಕೊಟ್ಟ ಭಾವ.

ಮೊದಲ ಮಳೆಗೇ ಸರಪಳಿ ತುಕ್ಕು ಹಿಡಿದು ಕೀಚಲು ದನಿ ತೆಗೆಯಿತು. ಗಂಡನಿಗೆ ಹೆಂಡತಿಯ ಮೇಲೆ ಮಮತೆ ಉಕ್ಕಿತು. ಅಡುಗೆಮನೆಯಿಂದ ಎಣ್ಣೆಯ ಬಾಟಲಿ ತಂದು ಸರಪಳಿಗೆ ಧಾರಾಳವಾಗಿ ಸುರಿದ. ಅವನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಅಕ್ಷರದ ತಪ್ಪು ಹಿಡಿದಷ್ಟೇ ಸುಲಭ ಸೈಕಲ್ ರಿಪೇರಿಯೆಂದು ನಂಬಿದ್ದ. ರಸ್ತೆಯ ಮರಳು, ಕೆಸರು, ಎಲೆಚೂರು ಎಲ್ಲವೂ ಆ ಎಣ್ಣೆಗೆ ಮೆತ್ತಿಕೊಂಡು ಸರಪಳಿ ಗಟ್ಟಿಯಾದ ಬತ್ತಿಯಂತಾಯಿತು. ಮಾರನೆಯ ದಿನ ಸೇತುವೆಯ ಏರಿನಲ್ಲಿ ಕಳಚಿಬಿತ್ತು. ಅವಳು ಮೊಣಕೈವರೆಗೆ ಕರಿ ಬಳಿದುಕೊಂಡು ತಡವಾಗಿ ಆಸ್ಪತ್ರೆ ಮುಟ್ಟಿದಳು.

ಆ ಕೋಣೆಯ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಆಸ್ಪತ್ರೆಯ ಆವರಣದಲ್ಲೇ ವಾಸ, ಆದ್ದರಿಂದ ತಡವೆಂಬುದರ ಅನುಭವವೇ ಆಕೆಗಿರಲಿಲ್ಲ.

"ಸಿಸ್ಟರ್, ಚೈನು ಕಳಚ್ತು," ಎಂದಳು ಇವಳು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಕೈ ನೋಡು. ಈ ಕೈಯಲ್ಲಿ ನನ್ನ ಕತ್ತರಿ ಮುಟ್ತೀಯಾ?"

"ತೊಳ್ಕೊಂಡು ಬರ್ತೀನಿ."

"ತೊಳ್ಕೋ. ಆಪರೇಷನ್ ಟೇಬಲ್ ಮೇಲೆ ಮಲಗಿರೋರಿಗೆ ನಿನ್ನ ಚೈನಿನ ಕಥೆ ಹೇಳಕ್ಕಾಗಲ್ಲ ತಾಯಿ. ಇನ್ನೊಂದು ಸಲ ಹಿಂಗಾದ್ರೆ ಮಧ್ಯಾಹ್ನದ ಪಾಳಿಗೆ ಹಾಕಿಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ. ಅಂದು ಇಕ್ಕಳವೊಂದರ ಕೀಲಿಗೆ ಎಣ್ಣೆ ಬಿಡುತ್ತಿದ್ದಾಗ ಕೈ ಹಾಗೇ ನಿಂತಿತು. ಇಕ್ಕಳಕ್ಕೆ ಎಣ್ಣೆ ಬೇಕಾಗಿರುವುದು ಕೀಲಿನ ಒಳಗೆ. ಹೊರಗೆ ಉಳಿದರೆ ಕೊಳೆಗೆ ಮಣೆ ಹಾಕಿ ಕೂರಿಸಿದ ಹಾಗೆ. ವರ್ಷಗಟ್ಟಲೆ ಮಾಡಿದ ಕೆಲಸ ಇದು. ಸೈಕಲ್ಲಿನ ಸರಪಳಿ ಎಂದರೇನು? ಸಾಲಾಗಿ ಕೋದ ಇಕ್ಕಳದ ಕೀಲುಗಳಲ್ಲದೆ ಮತ್ತೇನು? ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆನಲ್ಲ ಎಂದು ತನ್ನಷ್ಟಕ್ಕೆ ನಕ್ಕಳು.

ಅಂದಿನಿಂದ ಮೆಟ್ಟಿಲ ಕೆಳಗಿನ ಜಾಗ ಅವಳ ಇನ್ನೊಂದು ಶುದ್ಧಿಕೋಣೆಯಾಯಿತು. ಸಂಜೆ ಅತ್ತೆ ಅಂಗಡಿಯಿಂದ ಮರಳಿದೊಡನೆ ಸೈಕಲ್ಲಿನ ಕೆಸರು ತೊಳೆದು, ಹಳೆಯ ಬನಿಯನ್ನಿನಿಂದ ಒರೆಸಿ ಒಣಗಿಸುವಳು. ಆಮೇಲೆ ಸೈಕಲ್ ಅಂಗಡಿಯಿಂದ ತಂದ ಮಳೆಗಾಲದ ಮಂದ ಎಣ್ಣೆ, ಒಂದೊಂದು ಕೊಂಡಿಗೆ ಒಂದೊಂದು ಹನಿ. ಪೆಡಲು ಹಿಂದಕ್ಕೆ ತಿರುಗಿಸಿ ಎಣ್ಣೆ ಒಳಗಿಳಿದ ಮೇಲೆ ಹೊರಗಿನದನ್ನು ಬಟ್ಟೆಯಿಂದ ಪೂರ್ತಿ ಒರೆಸಿಬಿಡುವಳು. ಬ್ರೇಕಿನ ರಬ್ಬರಿನಲ್ಲಿ ಸಿಕ್ಕಿಕೊಂಡ ಮರಳಿನ ಕಾಳುಗಳನ್ನು ಸೂಜಿಯಿಂದ ಎಬ್ಬಿಸುವಳು. ಬ್ರೇಕು ಜಾರೀತೆಂದು ಚಕ್ರದ ಅಂಚಿಗೆ ಮಾತ್ರ ಎಣ್ಣೆಯ ಕೈ ತಾಗಿಸುತ್ತಿರಲಿಲ್ಲ. ಅದನ್ನು ಮುಟ್ಟುವ ಬಟ್ಟೆಯೇ ಬೇರೆ. ಗಂಡ ಮರೆತು ಎತ್ತಿಕೊಂಡಾನೆಂದು ಅದಕ್ಕೆ ಕೆಂಪು ದಾರದ ಗಂಟು ಹಾಕಿಟ್ಟಿದ್ದಳು.

ಮಡ್‌ಗಾರ್ಡು ಗಿಡ್ಡವಿತ್ತು. ಕೆಲಸದಲ್ಲಿ ಹರಿದು ಬಿಸಾಡಿದ್ದ ರಬ್ಬರಿನ ಏಪ್ರನ್ನು ಕತ್ತರಿಸಿ ಅದಕ್ಕೆ ನಾಲಿಗೆಯಂತೆ ಜೋಡಿಸಿದಳು. ಚಕ್ರದ ನೀರು ಪಾದಕ್ಕೆ ಹಾರುವುದು ನಿಂತಿತು. ಕರಗಿಹೋಗಿದ್ದ ಟೈರು ತೆಗೆಸಿ, ಅಗಲದ, ಗೀರು ಗೀರಿನ ಟೈರು ಹಾಕಿಸಿದಳು. ಹಿಂದಕ್ಕೆ ಕೆಂಪು ದೀಪ, ಮುಂದಕ್ಕೆ ಬಿಳಿ. ಸೀಟಿಗೆ ಸ್ನಾನದ ಟೋಪಿ. ಬದಲಾಯಿಸುವ ಬಟ್ಟೆಯನ್ನಂತೂ ಶಸ್ತ್ರಚಿಕಿತ್ಸೆಯ ಕಟ್ಟು ಕಟ್ಟುವ ಹಾಗೆಯೇ, ಮೂಲೆ ಮಡಿಸಿ, ಎರಡು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕ್ಯಾರಿಯರಿಗೆ ಬಿಗಿಯುತ್ತಿದ್ದಳು.

ಅತ್ತೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಮೆಟ್ಟಿಲ ಮೇಲೆ ನಿಂತು ಇದನ್ನೆಲ್ಲ ನೋಡುವಳು. "ಈ ಸೈಕಲ್ಲಿಗೆ ಮಾಡೋ ಆರೈಕೆ ನನ್ನ ಮಗನಿಗೆ ಮಾಡಿದ್ದಿದ್ರೆ ಅವನೂ ಹೊಳೀತಿದ್ದ."

"ಅವರು ಮಳೇಲಿ ಹೊರಗೇ ಹೋಗಲ್ವಲ್ಲ ಅತ್ತೆ. ತುಕ್ಕು ಹಿಡಿಯೋ ಭಯ ಇಲ್ಲ."

ಒಳಗಿನಿಂದ ಗಂಡನ ದನಿ ಬರುತ್ತಿತ್ತು: "ಕೇಳಿಸ್ತು."

ಮಳೆ ಅದರ ಪಾಡಿಗೆ ಬಂತು, ಅವಳು ಅವಳ ಪಾಡಿಗೆ ಹೋಗಿಬಂದಳು. ತಿರುವಿಗೆ ಮುಂಚೆಯೇ ಬ್ರೇಕನ್ನು ಮೆಲ್ಲಗೆ ಒತ್ತಿ ಚಕ್ರದ ಅಂಚಿನ ನೀರು ಒರೆಸಿಕೊಳ್ಳುವುದು, ಚರಂಡಿಯ ಕಬ್ಬಿಣದ ಮುಚ್ಚಳ ಎದುರಾದರೆ ಹ್ಯಾಂಡಲ್ ತಿರುಗಿಸದೆ ನೇರವಾಗಿ ದಾಟುವುದು, ತಳ ಕಾಣದ ಹೊಂಡಕ್ಕೆ ಇಳಿಯದಿರುವುದು ಕೈಕಾಲಿಗೆ ತಾವಾಗಿ ಬಂದವು. ಮತ್ತೆ ತಡವಾಗಲಿಲ್ಲ. ದೊಡ್ಡ ಸಿಸ್ಟರ್ ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಬೆಳಗಿನ ಪಾಳಿ ನಿನ್ನದೇ ಎಂದೂ ಹೇಳಲಿಲ್ಲ. ಪ್ರತಿ ವಾರದ ಕೊನೆಗೆ, "ಮುಂದಿನ ವಾರ ನೋಡೋಣ," ಅಷ್ಟೇ.

ಎಡವಟ್ಟಾದದ್ದು ಬಿರುಗಾಳಿಯ ದಿನ. ಹಿಂದಿನ ಸಂಜೆ ಟೈರಿಗೆ ಗಾಳಿ ಹೊಡೆದವನು ಗಂಡ. "ಕಲ್ಲು ಮಾಡಿಟ್ಟಿದೀನಿ, ಒತ್ತಿ ನೋಡು," ಎಂದು ಹೆಮ್ಮೆಯಿಂದ ಹೇಳಿ ಮಲಗಿದ್ದ. ಬೆಳಗಾಗುವ ಮುಂಚೆ ಅತ್ತೆ ಅಳುವ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಲ್ಕನಿಯ ಗಾಜಿನ ಬಳಿ ನಿಂತಳು. ಎದುರಿನ ಕಟ್ಟಡದ ತಗಡು ಪಟಪಟನೆ ಬಡಿಯುತ್ತಿತ್ತು. ಸೊಸೆ ಬಚ್ಚಲುಮನೆಯಲ್ಲಿದ್ದಳು. ಅತ್ತೆ ಮಗನನ್ನು ಕಾಲಿನಿಂದಲೇ ತಿವಿದಳು.

"ಲೋ, ಗಾಳಿ ಜಾಸ್ತಿ ಇದೆ. ಇವತ್ತು ಬಿಟ್ಟುಬಿಡು ಅಂತ ಹೇಳೋ ಅವಳಿಗೆ."

ಅವನ ತಲೆಯಲ್ಲಿ ನಿದ್ದೆಗೆ ಜಾರುವಾಗ ಇದ್ದದ್ದು ಟೈರು, ಏಳುವಾಗ ಇದ್ದದ್ದೂ ಟೈರೇ. ಅವಳಿಗೇಕೆ ಹೇಳಬೇಕು, ನಾನೇ ಬಿಟ್ಟರಾಯಿತು ಎಂದುಕೊಂಡ. ಕಣ್ಣುಜ್ಜುತ್ತ ಕೆಳಗಿಳಿದು, ಎರಡೂ ಚಕ್ರಗಳ ಮೂತಿ ಒತ್ತಿ ಹಿಡಿದು, ಬುಸ್ಸೆನ್ನುವ ಸದ್ದನ್ನು ತೃಪ್ತಿಯಿಂದ ಕೇಳಿಸಿಕೊಂಡ. ಜಾಸ್ತಿ ಎಂದರೆ ಎಷ್ಟು ಜಾಸ್ತಿ ಎಂದು ಅಮ್ಮ ಹೇಳಿರಲಿಲ್ಲ. ಇರಲಿ ಎಂದು ಧಾರಾಳವಾಗಿಯೇ ಬಿಟ್ಟ.

ಅವಳು ರೇನ್‌ಕೋಟು ತೊಟ್ಟು ಕೆಳಗೆ ಬಂದಾಗ ಸೈಕಲ್ಲು ಮಂಡಿಯೂರಿದ ಎಮ್ಮೆಯಂತೆ ನಿಂತಿತ್ತು.

"ಗಾಳಿ ಯಾರು ಬಿಟ್ಟಿದ್ದು?"

"ನಾನೇ. ಜಾಸ್ತಿಯಾಗಿದೆ, ಬಿಟ್ಟುಬಿಡು ಅಂದ್ಲು ಅಮ್ಮ."

ಅತ್ತೆ ಮಗುವಿನೊಂದಿಗೆ ಅರ್ಧ ಮೆಟ್ಟಿಲು ಇಳಿದಿದ್ದಳು. "ನಾನು ಹೇಳಿದ್ದು ಹೊರಗಿನ ಗಾಳಿ ಕಣೋ. ಇವತ್ತು ಕೆಲಸ ಬಿಟ್ಟುಬಿಡು ಅಂತ ಹೇಳು ಅಂದ್ರೆ, ಟ್ಯೂಬಿಂದು ಬಿಟ್ಟು ಕೂತಿದೀಯಲ್ಲ."

"ಹೊರಗಿಂದು ಅಂತ ಹೇಳ್ಬೇಕಲ್ವಾ ಅಮ್ಮ."

"ಗಾಳಿ ಅಂದ್ರೆ ಹೊರಗಿಂದೇ. ದೇವರು ಮೊದಲು ಅದನ್ನ ಮಾಡಿದ್ದು, ಆಮೇಲೆ ನಿನ್ನ ಟ್ಯೂಬು. ಊರವರ ತಪ್ಪೆಲ್ಲ ತಿದ್ತಾನಂತೆ ಇವನು."

ಅವಳಿಗೆ ಅಳು ಬಂತು, ನಗು ಅದರ ಹಿಂದೆಯೇ ಬಂತು. ಎರಡನ್ನೂ ನುಂಗಿ ಪಂಪನ್ನು ಗಂಡನ ಕೈಗಿಟ್ಟಳು. "ಹಿಂದಿನದು ಮೊದಲು. ಬೇಗ."

ಅವನು ಜೀವ ಬಿಟ್ಟು ಹೊಡೆದ. ಅವಳು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತ, ಮುಂದಿನ ಚಕ್ರ ತುಸು ಮೆತ್ತಗೆ ಇರುವಾಗಲೇ ಅವನನ್ನು ನಿಲ್ಲಿಸಿದಳು. "ಸಾಕು. ಒದ್ದೆ ರಸ್ತೇಲಿ ಕಲ್ಲಾದ್ರೆ ಜಾರುತ್ತೆ."

"ನೋಡಿದ್ಯಾ ಅಮ್ಮ, ಸ್ವಲ್ಪ ಬಿಟ್ಟಿದ್ದು ಒಳ್ಳೇದೇ ಆಯ್ತು," ಎಂದ ಏದುಸಿರಿನ ನಡುವೆ.

ಅತ್ತೆ ಅವನ ಕಡೆ ನೋಡಲಿಲ್ಲ. ಸೊಸೆಯ ತೋಳು ಹಿಡಿದಳು. "ಹೋಗ್ಬೇಡ ಕಣೆ. ಪಾಳಿ ಹೋದ್ರೆ ಹೋಗಲಿ. ನಾನೇ ಹೊಲಿಗೆ ಬಿಟ್ಟು ಮನೇಲಿರ್ತೀನಿ."

ಅತ್ತೆಗೆ ಆ ಹೊಲಿಗೆ ಯಂತ್ರ ಎಂದರೆ ಏನೆಂದು ಸೊಸೆಗೆ ಗೊತ್ತಿತ್ತು. ಮನೆಯಲ್ಲಿ ಸೊಂಟ ನೋವೆನ್ನುವವಳು ಅಂಗಡಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು.

"ನೀವು ಬಿಡೋದೂ ಬೇಡ, ನಾನು ಬಿಡೋದೂ ಬೇಡ ಅತ್ತೆ. ಸೇತುವೆ ಮೇಲೆ ತುಳಿಯಲ್ಲ. ಇಳಿದು, ಕಟಕಟೆ ಹಿಡ್ಕೊಂಡು ತಳ್ಕೊಂಡು ಹೋಗ್ತೀನಿ. ಆಗಲ್ಲ ಅನ್ನಿಸಿದ್ರೆ ಅಲ್ಲಿಂದಲೇ ವಾಪಸ್. ನಿಮ್ಮ ಮೊಮ್ಮಗಳ ತಲೆ ಮುಟ್ಟಿ ಹೇಳ್ತಿದೀನಿ."

ಅತ್ತೆ ಮಗುವನ್ನು ಮಗನ ಕೈಗೆ ದಾಟಿಸಿ ಮೇಲೆ ಹೋಗಿ, ಹೊಲಿಗೆಯಲ್ಲಿ ಉಳಿದ ಬಟ್ಟೆಯ ಪಟ್ಟಿಗಳನ್ನು ತಂದಳು. ರೇನ್‌ಕೋಟನ್ನು ಸೊಂಟಕ್ಕೊಂದು, ಎರಡು ತೊಡೆಗೂ ಒಂದೊಂದು ಪಟ್ಟಿ ಸುತ್ತಿ ಬಿಗಿದಳು. "ಸಡಿಲ ಬಟ್ಟೆ ಗಾಳೀಲಿ ಪಟ ಆಗುತ್ತೆ. ಈಗ ಹೋಗು. ಮುಟ್ಟಿದ ತಕ್ಷಣ ಫೋನು."

ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು. ಬೀದಿಯಲ್ಲಿ ಗಾಳಿ ಬೆನ್ನಿಗಿತ್ತು. ಸೈಕಲ್ಲು ತುಳಿಯದೆಯೇ ಓಡಿತು. ಸೇತುವೆಯ ಬಾಯಿಗೆ ಬರುತ್ತಲೇ ಗಾಳಿ ಪಕ್ಕೆಗೆ ತಿರುಗಿತು. ಕೊಟ್ಟ ಮಾತಿನಂತೆ ಇಳಿದಳು. ಸೈಕಲ್ಲನ್ನು ಗಾಳಿಯ ಕಡೆ ಇಟ್ಟುಕೊಂಡರೆ ಅದು ಮೈಮೇಲೆ ಬೀಳುತ್ತಿತ್ತು. ಆಚೆ ಬದಿಗೆ ದಾಟಿಸಿದರೆ ಕೈಯಿಂದ ಕಿತ್ತುಕೊಳ್ಳುತ್ತಿತ್ತು. ಕೊನೆಗೆ ಅದನ್ನು ಕಟಕಟೆಗೆ ಒತ್ತಿ, ತಾನು ಅದಕ್ಕೆ ಒರಗಿ, ಬ್ರೇಕು ಹಿಡಿದು, ಗಾಳಿ ಉಸಿರೆಳೆದುಕೊಂಡಾಗ ಬಿಟ್ಟು ನಾಲ್ಕು ಹೆಜ್ಜೆ, ಮತ್ತೆ ಹಿಡಿದು ನಿಲುಗಡೆ. ಬ್ರೇಕು ಒಮ್ಮೆಯೂ ಜಾರಲಿಲ್ಲ. ಕೆಳಗೆ ನದಿ ಕಂದು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಅವಳು ಅದನ್ನು ನೋಡಲಿಲ್ಲ. ಮುಂದಿನ ಚಕ್ರವನ್ನು ಮಾತ್ರ ನೋಡಿದಳು. ನಡುಸೇತುವೆಯಲ್ಲಿ, ತಿರುಗಿ ಹೋಗುವ ಹೊತ್ತು ಇದೇ ಎಂದು ಮನಸ್ಸು ಹೇಳಿತು. ಅಷ್ಟರಲ್ಲಿ ಹಿಂದಿನ ದಾರಿಯೂ ಮುಂದಿನ ದಾರಿಯೂ ಸಮ ಆಗಿದ್ದವು. ಮುಂದಿನದರ ಕೊನೆಗೆ ಕೆಲಸ ಇತ್ತು. ಹೋದಳು.

ಆಸ್ಪತ್ರೆಯ ಹಿಂಬಾಗಿಲು ಮುಟ್ಟಿದಾಗ ಪಾಳಿಯ ಗಂಟೆ ಇನ್ನೂ ಹೊಡೆದಿರಲಿಲ್ಲ. ಅತ್ತೆಗೆ ಫೋನು ಮಾಡಿ, "ಬಂದೆ," ಎಂದಷ್ಟೇ ಹೇಳಿ, ಬಟ್ಟೆಯ ಕಟ್ಟು ಬಿಚ್ಚಿದಳು. ಮೂಲೆ ಮುಟ್ಟಿ ನೋಡಿದಳು. ಒಣಗಿತ್ತು.

ಶುದ್ಧಿಕೋಣೆಯಲ್ಲಿ ದೊಡ್ಡ ಸಿಸ್ಟರ್ ಒಬ್ಬಳೇ ತೋಳು ಮಡಿಸಿ ಇಕ್ಕಳಗಳನ್ನು ತೊಳೆಯುತ್ತಿದ್ದಳು. ಬಸ್ಸುಗಳು ಸುತ್ತುದಾರಿಯಲ್ಲೂ ನಿಂತಿದ್ದವು; ಉಳಿದವರು ಯಾರೂ ಬಂದಿರಲಿಲ್ಲ. ಆಕೆ ತಲೆಯೆತ್ತಿ, ಇವಳ ಗರಿಗರಿಯಾದ ಬಟ್ಟೆಯನ್ನೂ ನೀರು ತೊಟ್ಟಿಕ್ಕುವ ಕೂದಲನ್ನೂ ನೋಡಿದಳು.

"ಹಾರ್ಕೊಂಡು ಬಂದ್ಯಾ?"

"ತಳ್ಕೊಂಡು ಬಂದೆ ಸಿಸ್ಟರ್. ಒಂದು ಮಾತು. ಹಿಂದಿನ ಮೆಟ್ಟಿಲ ಕೆಳಗೆ ಖಾಲಿ ಜಾಗ ಇದೆ. ಸೈಕಲ್ಲು ಮಳೇಲಿ ನೆನೀತಿದೆ. ಇನ್ನು ಮುಂದೆ ಅಲ್ಲಿಡ್ತೀನಿ."

"ಕೇಳ್ತಿದೀಯಾ, ಹೇಳ್ತಿದೀಯಾ?"

"ಹೇಳ್ತಿದೀನಿ."

ದೊಡ್ಡ ಸಿಸ್ಟರ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಫೋನು ಹೊಡೆದುಕೊಂಡಿತು. ಆಪರೇಷನ್ ಕೋಣೆಯವರು. ಇವತ್ತು ಉಪಕರಣಗಳ ಮೊದಲ ತಟ್ಟೆ ಬರುತ್ತದೆಯೋ, ಇಲ್ಲ ರೋಗಿಯನ್ನು ವಾಪಸ್ ವಾರ್ಡಿಗೆ ಕಳಿಸುವುದೋ ಎಂದು ಕೇಳುತ್ತಿದ್ದರು. ಆಕೆ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಇವಳ ಕಡೆ ನೋಡುತ್ತಲೇ ಉತ್ತರ ಕೊಟ್ಟಳು.

"ಯಾಕೆ ಕಳಿಸ್ತೀರಿ? ಬರುತ್ತೆ. ನಮ್ಮ ಬೆಳಗಿನವಳು ಬಂದಿದ್ದಾಳೆ."

ಅವಳು ಆಗಲೇ ಕೈ ತೊಳೆದು, ಮೊದಲ ಕತ್ತರಿಯನ್ನು ಬೆಳಕಿಗೆ ಹಿಡಿದಿದ್ದಳು.