ವಾರಿಜಕ್ಕನ ಬೆಲ್ಲದ ಚೂರು

ನಿನ್ನೆ ಮೊಮ್ಮಗಳು ಶಾಲೆಯ ಪುಸ್ತಕ ಹಿಡಿದು ಬಂದು, "ತಾತಾ, ಕ್ವಾರಂಟೈನ್‌ನಾ ಎನ್ನ?" ಎಂದು ತಮಿಳಿನಲ್ಲೇ ಅದರ ಅರ್ಥ ಕೇಳಿದಳು. ಲಾಕ್‌ಡೌನಿನ ಆ ಕಾಲದಲ್ಲಿ ಅವಳಿನ್ನೂ ತೊದಲುವ ಕೂಸು. ನನ್ನಂಥ ನಿವೃತ್ತ ವಿಮಾ ಗುಮಾಸ್ತನಿಗೆ ಇಂಥ ಪ್ರಶ್ನೆ ಸಿಕ್ಕರೆ ಹಬ್ಬ, ನೋಡಿ. ಕನ್ನಡಕ ಏರಿಸಿ ದಪ್ಪ ನಿಘಂಟು ತೆಗೆದೆ.

ರೋಗ ಹರಡದಂತೆ ಬೇರೆ ಇರಿಸುವುದು ಎಂಬುದು ನಿಮಗೂ ಗೊತ್ತು. ಮೂಲದಲ್ಲಿ ಆ ಪದದ ಅರ್ಥ ಬರೀ ನಲವತ್ತು. ಪ್ಲೇಗಿನ ಊರುಗಳಿಂದ ಬಂದ ಹಡಗುಗಳು ವೆನಿಸ್ಸಿನ ಬಂದರಿನಾಚೆ ಅಷ್ಟು ದಿನ ಕಾಯಬೇಕಿತ್ತಂತೆ. ಇಂಗ್ಲಿಷಿನಲ್ಲಿ ಅದಕ್ಕೂ ಹಳೆಯ ಅರ್ಥವೊಂದು ಸಣ್ಣ ಅಕ್ಷರದಲ್ಲಿತ್ತು: ಗಂಡ ಸತ್ತ ಮೇಲೆ ಹೆಂಡತಿ ಅವನ ಮನೆಯಲ್ಲಿ ಉಳಿಯಬಹುದಾದ ನಲವತ್ತು ದಿನ. ನನ್ನ ಹಬ್ಬ ಅಲ್ಲಿಗೆ ಮುಗಿಯಿತು. ವಾರಿಜಕ್ಕ ನೆನಪಾದರು.

ತ್ರಿಪ್ಲಿಕೇನಿನಲ್ಲಿ ನಮ್ಮ ಮೇಲಿನ ಮನೆ ಅವರದು. ಗಂಡ ಪಕ್ಕದ ಬೀದಿಯ ಮೆಸ್ಸಿನ ಅಡುಗೆ ಭಟ್ಟರು. ಮನೆಯೂ ಮೆಸ್ಸಿನವರೇ ಕೊಟ್ಟದ್ದು. ಆ ಕೆಟ್ಟ ಬೇಸಿಗೆಯಲ್ಲಿ ಆಸ್ಪತ್ರೆಗೆ ಹೋದ ಭಟ್ಟರು ಮರಳಲಿಲ್ಲ. ಅಕ್ಕನಿಗೆ ಕೊನೆಯ ಸಲ ಮುಖ ನೋಡಲೂ ಆಗಲಿಲ್ಲ. ಹದಿನಾಲ್ಕು ದಿನ ಹೊರಗೆ ಬರಬೇಡಿ ಎಂದು ಕಾರ್ಪೊರೇಷನ್ನಿನವರು ಬಾಗಿಲಿಗೆ ನೋಟೀಸು ಅಂಟಿಸಿ ಹೋದರು.

ನಾನು ಕ್ಯಾರಿಯರಿನಲ್ಲಿ ಅನ್ನ, ಸಾರು ಇಟ್ಟು, ಬೆಲ್ ಒತ್ತಿ ಇಳಿದು ಬರುತ್ತಿದ್ದೆ. ಸೊಸೆಗೆ ಕೂಸಿನ ಗಡಿಬಿಡಿ, ಸಾರು ನನ್ನದೇ. ಹುಣಸೆ ತೊಳೆದ ನೀರು. ಭಟ್ಟರ ಕೈಯಡುಗೆ ಉಂಡವರು ಅದನ್ನು ಹೇಗೆ ಉಂಡರೋ.

ಮೊದಲ ಸಂಜೆ, ತೊಳೆದಿಟ್ಟ ಕ್ಯಾರಿಯರ್ ತೆರೆದರೆ ಒಂದು ಚೂರು ಬೆಲ್ಲ. ಪಾತ್ರೆ ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮವರ ರೂಢಿಯಷ್ಟೆ. ನಾನು ಅದನ್ನು ಕಾಗದದಲ್ಲಿ ಹಿಡಿದು ಕಸಕ್ಕೆ ಎಸೆದು, ಎರಡು ಸಲ ಕೈ ತೊಳೆದು, ಫೋನು ಮಾಡಿದೆ.

"ಅಕ್ಕ, ಪಾತ್ರೆಯಲ್ಲಿ ಏನೂ ಇಡಬೇಡಿ."

ಯಾಕೆಂದು ಹೇಳಲು ಬಾಯಿ ಬರಲಿಲ್ಲ.

"ಹೌದಲ್ಲ ಮಾರಾಯ್ರೆ, ಸೂತಕದ ಮನೆಯದ್ದು ಯಾರಾದ್ರೂ ತಿಂತಾರಾ? ಕೈಗೆ ಅಭ್ಯಾಸ ನೋಡಿ. ತಪ್ಪಾಯ್ತು."

ನಾನು ಹೂಂ ಎಂದುಬಿಟ್ಟೆ. ನನ್ನ ಪುಕ್ಕಲುತನಕ್ಕೆ ಶಾಸ್ತ್ರದ ನೆಪ ಸಿಕ್ಕಿತ್ತು. ಮರುದಿನದಿಂದ ಕ್ಯಾರಿಯರ್ ಖಾಲಿ ಬಂತು. ತಿಂಗಳು ತುಂಬುವುದರೊಳಗೆ ಹೊಸ ಭಟ್ಟರಿಗೆ ಮನೆ ಬೇಕಾಯಿತು; ಅಕ್ಕ ತಮ್ಮನ ಜೊತೆ ಉಡುಪಿಗೆ ಹೊರಟುಹೋದರು. ನಿಘಂಟಿನ ನಲವತ್ತು ದಿನವೂ ಅವರಿಗೆ ಸಿಗಲಿಲ್ಲ.

ಇಷ್ಟು ವರ್ಷದ ಮೇಲೆ ನಿನ್ನೆ ಫೋನು ಮಾಡಿದೆ. "ಅಕ್ಕ, ಅವತ್ತು ಬೆಲ್ಲ ಬೇಡ ಅಂದಿದ್ದು ಸೂತಕಕ್ಕಲ್ಲ. ನಂಗೆ ರೋಗದ ಹೆದರಿಕೆ."

"ಗೊತ್ತಿತ್ತು," ಎಂದರು. "ನಿಮ್ಗೆ ಹೇಳ್ಲಿಕ್ಕೆ ಕಷ್ಟ ಆಗ್ತಾ ಇತ್ತು. ಹಾಗಾಗಿ ನಾನೇ ಸೂತಕ ಅಂದೆ."

ಮೊಮ್ಮಗಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ನಲವತ್ತು ದಿನ ಎಂದು ಬರೆಸಿ, ಅಡುಗೆಮನೆಗೆ ಹೋಗಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡೆ.